ಸೇವ್ ಡೈಲಾಗ್ ನೆತ್ತಿ ಮೇಲಿರೋ "ಸೇವ್ ಆ್ಯಸ್" ಬದಲಾಯಿಸೋದು ಹೇಗೆ?

ಅರ್ಧಂಬರ್ಧ_ಕೋಡಿ

ಎಲ್ರಿಗೂ ನಮಸ್ಕಾರ. ವಿಷ್ಯ ಸಣ್ಣದು ಆದ್ರೆ ಎರಡು ದಿನದಿಂದ ತಲೆ ತಿಂತಿದೆ. ಸಿ ಶಾರ್ಪ್, ವಿನ್‌ಫಾರ್ಮ್ಸ್‌ನಲ್ಲಿ (ವಿಂಡೋಸ್ ಆ್ಯಪ್‌ಗೆ ಕಿಟಕಿ, ಬಟನ್ ಮಾಡೋ ಕಿಟ್) ಒಂದು ಟೂಲ್ ಮಾಡಿದೀನಿ, ದೊಡ್ಡ ಸಿಎಸ್‌ವಿ ಫೈಲ್ ಓದಿ ಸರಿ ಇರೋ ಸಾಲುಗಳನ್ನ ಒಂದು ಫೈಲಿಗೂ ತಪ್ಪಿರೋ ಸಾಲುಗಳನ್ನ ಇನ್ನೊಂದು ಫೈಲಿಗೂ ಬರೆಯುತ್ತೆ. ಎಲ್ಲಿ ಇಡ್ಬೇಕು ಅಂತ ಕೇಳೋಕೆ ಸೇವ್‌ಫೈಲ್‌ಡೈಲಾಗ್ ತೆಗೀತೀನಿ, ಒಂದಾದ್ಮೇಲೆ ಒಂದು. ಈಗ ಏನಾಗಿದೆ ಅಂದ್ರೆ ಎರಡೂ ನೋಡೋಕೆ ಥೇಟ್ ಅವಳಿ ಜವಳಿ, ಎರಡರ ಮೇಲೂ ಬರೀ "ಸೇವ್ ಆ್ಯಸ್". ಟೂಲ್ ಬಳಸೋರೊಬ್ರು ಮೊದಲನೇದಕ್ಕೆ ಹೆಸರು ಕೊಟ್ಟು ಸೇವ್ ಒತ್ತಿದಾರೆ, ತಕ್ಷಣ ಎರಡನೇದು ಬಂದಿದೆ, "ಅಯ್ಯೋ ಸೇವ್ ಆಗ್ಲಿಲ್ಲ ಅನ್ಸುತ್ತೆ, ಮತ್ತೆ ಕೇಳ್ತಿದೆ" ಅಂದ್ಕೊಂಡು ಅದೇ ಹೆಸರನ್ನ ಮತ್ತೆ ಆರಿಸಿದಾರೆ, ಈ ಹೆಸರಿನ ಫೈಲ್ ಈಗಾಗ್ಲೇ ಇದೆ ಬದಲಾಯಿಸ್ಲಾ ಅಂತ ಅದು ಕೇಳಿದೆ, ಇವ್ರು ಯೆಸ್ ಒತ್ತಿದಾರೆ. ಅಲ್ಲಿಗೆ ಸರಿ ಇದ್ದ ಸಾಲುಗಳ ಫೈಲ್ ಹೋಯ್ತು, ಅದರ ಜಾಗದಲ್ಲಿ ತಪ್ಪು ಸಾಲುಗಳು ಬಂದು ಕೂತ್ವು. ಬೈಸ್ಕೊಂಡಿದ್ದು ನಾನು.

ಆ "ಸೇವ್ ಆ್ಯಸ್" ಜಾಗದಲ್ಲಿ ನಂಗೆ ಬೇಕಾದ್ದು ಬರೆಯೋಕೆ ಆಗುತ್ತಾ? ಕೋಡನ್ನ ಕನ್ನಡದಲ್ಲೇ ಹಾಕ್ತಿದೀನಿ, ಫೋನಲ್ಲಿ ಕೀಬೋರ್ಡ್ ಪದೇ ಪದೇ ಬದಲಾಯಿಸೋಕೆ ಸೋಮಾರಿತನ, ಬೈಬೇಡಿ.

ಸೆಮಿಕೋಲನ್_ಮರೆತವ

ಆಗುತ್ತೆ ಗುರು. ಟೈಟಲ್ ಅಂತ ಒಂದು ಪ್ರಾಪರ್ಟಿ ಇದೆ. ಡೈಲಾಗ್.ಟೈಟಲ್ = "ಸರಿ ಇರುವ ಸಾಲುಗಳನ್ನು ಉಳಿಸಿ". ಮುಗೀತು. ಅದನ್ನ ಖಾಲಿ ಬಿಟ್ರೆ ಮಾತ್ರ ಸಿಸ್ಟಮ್ಮು ತನ್ನ "ಸೇವ್ ಆ್ಯಸ್" ಹಾಕೊಳ್ಳುತ್ತೆ.

ಅರ್ಧಂಬರ್ಧ_ಕೋಡಿ

ಗುರು ಅದು ನಂಗೂ ಕಾಣಿಸ್ತು, ಹಾಕ್ದೆ, ಬದಲಾಗ್ತಿಲ್ಲ! ಎರರ್ ಕೂಡ ಬರ್ತಿಲ್ಲ. ನನ್ ಕೋಡ್ ಹೀಗಿದೆ:

ಡೈಲಾಗ್.ಫಿಲ್ಟರ್ = "ಸಿಎಸ್‌ವಿ ಫೈಲ್|*.ಸಿಎಸ್‌ವಿ"
ಇಫ್ ಡೈಲಾಗ್.ಶೋಡೈಲಾಗ್() ಓಕೆ ಆದ್ರೆ {
ಡೈಲಾಗ್.ಟೈಟಲ್ = "ಸರಿ ಇರುವ ಸಾಲುಗಳನ್ನು ಉಳಿಸಿ"
ಫೈಲ್ ಬರಿ(ಡೈಲಾಗ್.ಫೈಲ್‌ನೇಮ್)
}

ಡಿಬಗ್ ಹಾಕಿ ನೋಡಿದ್ರೆ ಟೈಟಲ್ ಒಳಗೆ ನಾನು ಕೊಟ್ಟಿದ್ದೇ ಇದೆ, ಸ್ಕ್ರೀನ್ ಮೇಲೆ ಮಾತ್ರ ಹಳೇದೇ.

ಹಳೇ_ಮಾನಿಟರ್

ತಮ್ಮಾ, ಮದುವಿ ಮುಗದ ಮ್ಯಾಲ ಲಗ್ನಪತ್ರಿಕಿ ಹಂಚಾಕ ಹೊಂಟಂಗ ಆತಲ್ಲಪಾ ಇದು. ಶೋಡೈಲಾಗ್ ಅಂದ್ರ ಅದು ಮೋಡಲ್. ಆ ಸಾಲಿಗೆ ಬಂದ ಕೂಡ್ಲೇ ನಿನ್ನ ಕೋಡ್ ಅಲ್ಲೇ ನಿಂತ ಬಿಡತೈತಿ, ಬಳಸಾಂವ ಸೇವ್ ಅಥವಾ ಕ್ಯಾನ್ಸಲ್ ಒತ್ತಿ ಡೈಲಾಗ್ ಮುಚ್ಚಿದ ಮ್ಯಾಲೇ ಮುಂದಿನ ಸಾಲು ಓಡೂದು. ನೀ ಟೈಟಲ್ ಹಾಕೂ ಹೊತ್ತಿಗೆ ಕಿಟಕಿ ಮುಚ್ಚಿ ಹೋಗಿರತೈತಿ. ಪ್ರಾಪರ್ಟಿ ಬದಲಾಗತೈತಿ, ಅದಕ್ಕ ಡಿಬಗ್ ಒಳಗ ಸರಿ ಕಾಣತೈತಿ, ಆದ್ರ ನೋಡಾಕ ಅಲ್ಲಿ ಏನೂ ಉಳಿದಿರೂದಿಲ್ಲ. ಟೈಟಲ್ ಸಾಲನ್ನ ಶೋಡೈಲಾಗ್‌ನ ಮ್ಯಾಲ ಒಯ್ದು ಹಾಕು.

ಇನ್ನೊಂದು. ಶೋಡೈಲಾಗ್ ಬ್ರ್ಯಾಕೆಟ್ ಒಳಗ ದಿಸ್ ಅಂತ ಕೊಡು, ನಿನ್ನ ಫಾರ್ಮ್ ಅದರ ಓನರ್ ಆಗತೈತಿ. ಖಾಲಿ ಬಿಟ್ರ ಒಮ್ಮೊಮ್ಮೆ ಡೈಲಾಗ್ ಬ್ಯಾರೆ ಕಿಟಕಿ ಹಿಂದ ಅಡಗಿ ಕುಂದ್ರತೈತಿ, ಮಂದಿ "ಆ್ಯಪ್ ಹ್ಯಾಂಗ್ ಆಗೇತ್ರಿ" ಅಂತ ಫೋನ್ ಮಾಡತಾರ.

ಅರ್ಧಂಬರ್ಧ_ಕೋಡಿ

ಅಯ್ಯೋ ಶಿವನೇ. ಬಂತು ಸರ್, ಬಂತು. ನಾಚಿಕೆ ಆಗ್ತಿದೆ.

ಆದ್ರೆ ಈಗ ಹೊಸ ತಲೆನೋವು. ಡಿಸೈನರ್‌ನಲ್ಲಿ ಒಂದು ಸೇವ್‌ಫೈಲ್‌ಡೈಲಾಗ್ ಎಳೆದು ಫಾರ್ಮ್ ಮೇಲೆ ಬಿಟ್ಟಿದೀನಿ, ಎಲ್ಲಾ ಕಡೆ ಅದನ್ನೇ ಬಳಸೋದು. ಸರಿ ಸಾಲು, ತಪ್ಪು ಸಾಲು ಎರಡಕ್ಕೂ ಟೈಟಲ್ ಕೊಟ್ಟೆ, ಚೆನ್ನಾಗೇ ಬಂತು. ಸೆಟ್ಟಿಂಗ್ಸ್ ಸೇವ್ ಮಾಡೋಕೆ ಇನ್ನೊಂದು ಬಟನ್ ಇದೆ, ಅಲ್ಲಿ ನಾನು ಟೈಟಲ್ಲೇ ಕೊಟ್ಟಿಲ್ಲ, "ಸೇವ್ ಆ್ಯಸ್" ಸಾಕು ಅಂತ. ಅಲ್ಲೀಗ "ತಪ್ಪಾದ ಸಾಲುಗಳನ್ನು ಉಳಿಸಿ" ಅಂತ ಬರ್ತಿದೆ, ಕೆಳಗೆ ಫೈಲ್ ಹೆಸರಿನ ಜಾಗದಲ್ಲೂ ಆ ತಪ್ಪು ಸಾಲುಗಳ ಫೈಲ್ ಹೆಸರೇ ರೆಡಿ ಆಗಿ ಕೂತಿದೆ. ಮೊದಲು ಒಂದು ಫೈಲ್ ಹೋಗಿತ್ತು, ಈಗ ಇನ್ನೊಂದು ಹೋಗೋಕೆ ದಾರಿ ಮಾಡ್ಕೊಟ್ಟಂಗಾಯ್ತು.

ಸೆಮಿಕೋಲನ್_ಮರೆತವ

ಒಂದೇ ಆಬ್ಜೆಕ್ಟ್ ಅಲ್ವಾ ಗುರು, ಹಿಂದಿನ ಸಲ ಬರೆದಿದ್ದೆಲ್ಲಾ ಅದರ ಮೇಲೆ ಹಂಗೇ ಉಳಿಯುತ್ತೆ. ರೀಸೆಟ್ ಅಂತ ಮೆಥಡ್ ಇದೆ, ಆದ್ರೆ ಅದು ಫಿಲ್ಟರ್, ಡೀಫಾಲ್ಟ್ ಎಕ್ಸ್‌ಟೆನ್ಷನ್ ಎಲ್ಲಾನೂ ಒರೆಸಿ ಹಾಕುತ್ತೆ, ಆಮೇಲೆ ಮತ್ತೆ ಎಲ್ಲಾ ತುಂಬ್ಬೇಕು. ಡಿಸೈನರ್‌ದನ್ನ ಕಿತ್ತಾಕಿ. ಬೇಕಾದಾಗೆಲ್ಲಾ ಯೂಸಿಂಗ್ ಬ್ಲಾಕ್ ಒಳಗೆ ಹೊಸದಾಗಿ ಒಂದು ಮಾಡಿ, ಕೆಲಸ ಆದ್ಮೇಲೆ ಅದು ಅಲ್ಲೇ ಡಿಸ್ಪೋಸ್ ಆಗ್ಲಿ. ಹೊಸ ಡೈಲಾಗ್ ಮಾಡಿದ್ರೆ ಮೆಮೊರಿ ತಿನ್ನುತ್ತೆ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ, ಬಳಸೋರು ಬಟನ್ ಒತ್ತಿದಾಗ ಒಂದ್ಸಲ ಆಗೋ ಕೆಲಸ ಅದು.

ಡಾಟ್ ನೆಟ್ 5 ಅಥವಾ ಅದಕ್ಕಿಂತ ಹೊಸದಲ್ಲಿದ್ರೆ ಕ್ಲೈಂಟ್‌ಗೈಡ್ ಅಂತ ಇನ್ನೊಂದು ಪ್ರಾಪರ್ಟಿ ಇದೆ. ಒಂದೊಂದು ಥರದ ಸೇವ್‌ಗೂ ಬೇರೆ ಬೇರೆ ಗೈಡ್ (ಜಿಯುಐಡಿ, ಬೇರೆ ಯಾವುದಕ್ಕೂ ಇಲ್ಲದ ಒಂದು ಉದ್ದ ಐಡಿ) ಕೊಟ್ರೆ, ಹಿಂದಿನ ಸಲ ಯಾವ ಫೋಲ್ಡರ್‌ನಲ್ಲಿ ಇದ್ರು ಅನ್ನೋದನ್ನ ವಿಂಡೋಸ್ ಒಂದೊಂದಕ್ಕೂ ಬೇರೆ ಬೇರೆಯಾಗಿ ನೆನಪಿಟ್ಕೊಳ್ಳುತ್ತೆ. ನಿಮ್ ಕೇಸಿಗೆ ಹೇಳಿ ಮಾಡಿಸಿದಂಗಿದೆ.

ಹಳೇ_ಮಾನಿಟರ್

ಕೆಳಗ ಏನ ನಡದೈತಿ ಅಂತ ಗೊತ್ತಿದ್ರ ಛಲೋ, ಅದಕ್ಕ ಸ್ವಲ್ಪ ಉದ್ದಕ ಬರೀತೇನಿ, ಬ್ಯಾಸರಾ ಆದ್ರ ಹಾರಿಸ್ರಿ.

ಈ ಕಿಟಕಿ ವಿನ್‌ಫಾರ್ಮ್ಸ್‌ದ ಅಲ್ಲ, ವಿಂಡೋಸ್‌ದು. ಹಳೇ ಕಾಲದಾಗ ಗೆಟ್‌ಸೇವ್‌ಫೈಲ್‌ನೇಮ್ ಅಂತ ಒಂದು ಫಂಕ್ಷನ್, ಅದಕ್ಕ ಓಪನ್‌ಫೈಲ್‌ನೇಮ್ ಅನ್ನೂ ಒಂದು ದೊಡ್ಡ ಸ್ಟ್ರಕ್ಚರ್ ತುಂಬಿ ಕೊಡಬೇಕಿತ್ತು, ಅದರಾಗ ಎಲ್‌ಪಿಎಸ್‌ಟಿಆರ್‌ಟೈಟಲ್ ಅಂತ ಒಂದು ಖಾನೆ. ಅಲ್ಲಿ ನಲ್, ಅಂದ್ರ ಏನೂ ಇಲ್ಲ ಅಂತ, ಇಟ್ರ "ಸೇವ್ ಆ್ಯಸ್", ಏನರ ಬರದ್ರ ಅದು. ವಿಬಿ 6 (ಹಳೇ ವಿಷುವಲ್ ಬೇಸಿಕ್) ಒಳಗ ಕಾಮನ್‌ಡೈಲಾಗ್ ಕಂಟ್ರೋಲ್, ಅದರಾಗ ಇದರ ಹೆಸರು ಡೈಲಾಗ್‌ಟೈಟಲ್. ವಿಸ್ಟಾ ಬಂದ ಮ್ಯಾಲ ಐಫೈಲ್‌ಡೈಲಾಗ್ ಅಂತ ಕಾಮ್ (ಸಿಒಎಂ, ವಿಂಡೋಸ್ ಒಳಗಿನ ಭಾಗ ಕರಿಯೂ ಪದ್ಧತಿ) ಇಂಟರ್‌ಫೇಸ್ ಬಂತು, ಅದರಾಗ ಸೆಟ್‌ಟೈಟಲ್ ಐತಿ, ಜೋಡಿಗೆ ಸೆಟ್‌ಓಕೆಬಟನ್‌ಲೇಬಲ್, ಸೆಟ್‌ಫೈಲ್‌ನೇಮ್‌ಲೇಬಲ್ ಎರಡೂ ಅದಾವ. ಅಂದ್ರ ಮ್ಯಾಲಿನ ಪಟ್ಟಿ ಅಷ್ಟ ಅಲ್ಲ, ಸೇವ್ ಬಟನ್ ಮ್ಯಾಲಿನ ಅಕ್ಷರ, "ಫೈಲ್ ನೇಮ್" ಅನ್ನೂ ಲೇಬಲ್ ಸುದ್ದಾ ಬದಲಾಯಿಸಬಹುದು. ವಿನ್‌ಫಾರ್ಮ್ಸ್‌ನಾಂವ ಟೈಟಲ್ ಒಂದನ್ನ ಹೊರಗ ಕೊಟ್ಟಾನ, ಉಳಿದ ಎರಡು ಬೇಕಂದ್ರ ನೀವ ಐಫೈಲ್‌ಡೈಲಾಗ್ ಕರಕೋಬೇಕು.

ಆ ಹಳೇ ದಿನದಾಗ ನಾವು ಮಾಡಿದ ಹುಚ್ಚಾಟ ಕೇಳಬ್ಯಾಡ್ರಿ. ಬಟನ್ ಅಕ್ಷರ ಬದಲಾಯಿಸಾಕ ಟೈಮರ್ ಒಂದು ಇಟ್ಟು, ಅದು ಫೈಂಡ್‌ವಿಂಡೋ ಹಚ್ಚಿ "ಸೇವ್ ಆ್ಯಸ್" ಅನ್ನೂ ಕಿಟಕಿ ಹುಡುಕಿ, ಸಿಕ್ಕ ಕೂಡ್ಲೇ ಒಳಗಿನ ಬಟನ್ ಹಿಡದು ಟೆಕ್ಸ್ಟ್ ತಿದ್ದತಿತ್ತು. ನನ್ನ ಮಷೀನ್ ಮ್ಯಾಲ ಚಂದ ಓಡತು. ಬ್ಯಾರೆ ಭಾಷಾದ ವಿಂಡೋಸ್ ಇದ್ದ ಮಷೀನ್ ಮ್ಯಾಲ ಆ ಹೆಸರಿನ ಕಿಟಕೀನ ಇಲ್ಲ, ಟೈಮರ್ ಪಾಪ ಹುಡುಕ್ಕೊಂತ ಕುಂತಿತ್ತು. ಈಗೂ ಇಂಟರ್ನೆಟ್‌ನಾಗ ಇಂಥಾ ಉತ್ತರ ಸಿಗತಾವ, ಕೈ ಹಚ್ಚಬ್ಯಾಡ್ರಿ.

ಟೈಟಲ್ ಕನ್ನಡದಾಗ ಕೊಡಾವ್ರು ಇನ್ನೊಂದು ನೆನಪಿಡ್ರಿ: ಆ ಹಳೇ ಗೆಟ್‌ಸೇವ್‌ಫೈಲ್‌ನೇಮ್ ಫಂಕ್ಷನ್‌ಗೆ ಎರಡು ಅವತಾರ, ಕೊನೀಗೆ ಎ ಇರೂದು, ಡಬ್ಲ್ಯೂ ಇರೂದು. ಎ ಅಂದ್ರ ಆನ್ಸಿ, ಹಳೇ ಅಕ್ಷರ ಪದ್ಧತಿ, ಅದರಾಗ ಕನ್ನಡ ಕೊಟ್ರ ಟೈಟಲ್ ತುಂಬ ಪ್ರಶ್ನಾರ್ಥಕ ಚಿಹ್ನೆ ಸಾಲಾಗಿ ನಿಲ್ಲತಾವ. ವಿಬಿ 6ರ ಕಂಟ್ರೋಲ್ ಸುದ್ದಾ ಆನ್ಸೀನ. ಡಾಟ್ ನೆಟ್‌ನಾಗ ಆ ಚಿಂತಿ ಇಲ್ಲ.

ಟೆಸ್ಟಿಂಗ್_ಅಕ್ಕ

ನೀವೆಲ್ಲಾ ಖುಷಿಯಾಗಿ ಟೈಟಲ್ ಬದಲಾಯಿಸ್ತೀರಾ, ಪೆಟ್ಟು ಬೀಳೋದು ನಮಗೆ. ನಮ್ ಟೀಮಲ್ಲಿ ಒಬ್ಬ ಡೆವಲಪರ್ ಯಾರಿಗೂ ಹೇಳ್ದೆ "ಸೇವ್ ಆ್ಯಸ್" ತೆಗೆದು ಚಂದದ ಟೈಟಲ್ ಹಾಕಿದ. ರಾತ್ರಿ ಓಡೋ ಆಟೋಮೇಷನ್ ಸ್ಕ್ರಿಪ್ಟ್ ಎಲ್ಲಾ "ಸೇವ್ ಆ್ಯಸ್ ಅನ್ನೋ ಕಿಟಕಿ ಬರೋ ತನಕ ಕಾಯಿ" ಅಂತ ಬರೆದಿದ್ದು, ಅದು ಬರ್ಲೇ ಇಲ್ಲ, ಒಂದೊಂದು ಟೆಸ್ಟೂ ಟೈಮ್‌ಔಟ್ ಆಗೋವರೆಗೆ ಕಾದು ಕಾದು ಬಿದ್ದು, ಬೆಳಿಗ್ಗೆ ಬಂದು ನೋಡಿದ್ರೆ ರಿಪೋರ್ಟ್ ಪೂರ್ತಿ ಕೆಂಪು. ಅರ್ಧ ದಿನ ಹೋಯ್ತು ಕಾರಣ ಹುಡುಕೋಕೆ. ಅವನು "ಒಂದ್ ಸ್ಟ್ರಿಂಗ್ ಅಷ್ಟೇ ಅಕ್ಕಾ" ಅಂದ.

ತಪ್ಪು ನಮ್ದೂ ಇದೆ ಒಪ್ಕೋತೀನಿ, ಟೈಟಲ್ ನಂಬ್ಕೊಂಡು ಟೆಸ್ಟ್ ಬರೀಬಾರ್ದು. ಆಮೇಲೆ ನಾವು ಕಿಟಕಿಯ ಕ್ಲಾಸ್ ಹೆಸರು ನೋಡೋಕೆ ಶುರು ಮಾಡಿದ್ವಿ, ವಿಂಡೋಸ್‌ನ ಡೈಲಾಗ್‌ಗಳಿಗೆ ಅದು #32770. ಒಳಗೆ ಸೇವ್ ಬಟನ್ ಐಡಿ 1, ಕ್ಯಾನ್ಸಲ್ ಐಡಿ 2. ಟೈಟಲ್ ಏನೇ ಬರೀಲಿ, ಯಾವ ಭಾಷೇಲಿ ಬರೀಲಿ, ಇವು ಬದಲಾಗಲ್ಲ. ಆದ್ರೂ ಬದಲಾಯಿಸೋ ಮುಂಚೆ ಟೆಸ್ಟಿಂಗ್‌ನೋರಿಗೆ ಒಂದು ಮಾತು ಹಾಕಿ ಮಾರಾಯ್ರಾ.

ಅರ್ಧಂಬರ್ಧ_ಕೋಡಿ

ಅಕ್ಕಾ ನಮ್ಮಲ್ಲಿ ಟೆಸ್ಟಿಂಗ್‌ನೋನೂ ನಾನೇ 😅

ಕಡಲತೀರದ_ಬಗ್

ವಿಂಡೋಸ್‌ನವರ ಮಾತು ಆಯ್ತು, ಇನ್ನು ಮ್ಯಾಕ್‌ದು ಕೇಳಿ ಮಾರಾಯ್ರೆ. ನಾನು ಕ್ಯೂಟಿಯಲ್ಲಿ (ಒಂದೇ ಕೋಡ್ ವಿಂಡೋಸ್, ಮ್ಯಾಕ್, ಲಿನಕ್ಸ್ ಎಲ್ಲದಕ್ಕೂ ಆಗುವ ಕಿಟ್) ಮಾಡುವವ. ಅಲ್ಲಿ ಕ್ಯೂಫೈಲ್‌ಡೈಲಾಗ್‌ನ ಗೆಟ್‌ಸೇವ್‌ಫೈಲ್‌ನೇಮ್‌ಗೆ ಮೊದಲನೇದು ಪೇರೆಂಟ್, ಎರಡನೇದು ಕ್ಯಾಪ್ಷನ್, ಆ ಕ್ಯಾಪ್ಷನ್ನೇ ಟೈಟಲ್. ವಿಂಡೋಸಲ್ಲಿ ಬರೆದೆ, ಲಿನಕ್ಸಲ್ಲಿ ನೋಡಿದೆ, ಎಲ್ಲ ಚಂದ ಉಂಟು. ಮ್ಯಾಕಲ್ಲಿ ತೆಗೆದ್ರೆ ಟೈಟಲ್ಲೇ ಇಲ್ಲ! ಬೇರೆ ಏನೋ ಬಂದದ್ದಲ್ಲ, ಆ ಪಟ್ಟಿಯೇ ಇಲ್ಲ. ಒಂದು ಸಂಜೆಯಿಡೀ ಕ್ಯೂಟಿಗೆ ಬೈದದ್ದೇ ಬೈದದ್ದು, ಮತ್ತೆ ಗೊತ್ತಾದದ್ದು ಅದು ಕ್ಯೂಟಿಯ ತಪ್ಪಲ್ಲ ಅಂತ.

ಮ್ಯಾಕಲ್ಲಿ ಈ ಡೈಲಾಗಿನ ಹೆಸರು ಎನ್‌ಎಸ್‌ಸೇವ್‌ಪ್ಯಾನೆಲ್. 2015ರಲ್ಲಿ ಎಲ್ ಕ್ಯಾಪಿಟನ್, ಅಂದ್ರೆ 10.11 ಬಂದ ಮೇಲೆ ಓಪನ್, ಸೇವ್ ಪ್ಯಾನೆಲ್‌ಗಳ ಟೈಟಲ್ ಪಟ್ಟಿ ತೋರಿಸುವುದನ್ನೇ ಬಿಟ್ಟಿದ್ದಾರೆ. ಟೈಟಲ್ ಪ್ರಾಪರ್ಟಿ ಈಗಲೂ ಉಂಟು, ನೀವು ಬರೆದದ್ದನ್ನು ಸುಮ್ಮನೆ ತೆಗೊಳ್ತದೆ, ತೋರಿಸುವುದಿಲ್ಲ. ಕಿಟಕಿಗೆ ಅಂಟಿಕೊಂಡು ಶೀಟ್ ಆಗಿ ಇಳಿದ್ರೆ ಹೇಗೂ ಪಟ್ಟಿ ಇರುವುದಿಲ್ಲ. ಅದರ ಬದಲು ಅಲ್ಲಿ ಮೆಸೇಜ್ ಅಂತ ಉಂಟು, ಪ್ಯಾನೆಲಿನ ಒಳಗೇ ಮೇಲ್ಗಡೆ ಒಂದು ಸಾಲು ಬರ್ತದೆ. ಪ್ರಾಂಪ್ಟ್ ಅಂದ್ರೆ ಬಟನಿನ ಅಕ್ಷರ, ನೇಮ್‌ಫೀಲ್ಡ್‌ಲೇಬಲ್ ಅಂದ್ರೆ ಫೈಲ್ ಹೆಸರಿನ ಮುಂದಿನ ಲೇಬಲ್. ಎಲೆಕ್ಟ್ರಾನ್‌ನಲ್ಲಿ (ವೆಬ್ ಕೋಡಿನಿಂದ ಡೆಸ್ಕ್‌ಟಾಪ್ ಆ್ಯಪ್ ಮಾಡುವ ಕಿಟ್) ಮಾಡುವವರಿಗೆ ಇದೆಲ್ಲ ಶೋಸೇವ್‌ಡೈಲಾಗ್‌ನ ಆಪ್ಷನ್ನಲ್ಲೇ ಸಿಗ್ತದೆ: ಟೈಟಲ್, ಬಟನ್‌ಲೇಬಲ್, ಮತ್ತೆ ಮ್ಯಾಕ್‌ಗೆ ಮಾತ್ರ ಮೆಸೇಜ್, ನೇಮ್‌ಫೀಲ್ಡ್‌ಲೇಬಲ್.

ಹಾಗಾಗಿ ಟೈಟಲ್ ಒಂದರಲ್ಲೇ ಮುಖ್ಯ ವಿಷಯ ಹೇಳಿ ಕೂತ್ರೆ ಮ್ಯಾಕ್‌ನವನಿಗೆ ಏನೂ ಗೊತ್ತಾಗುವುದಿಲ್ಲ. ಫೈಲ್ ಹೆಸರು ಖಾಲಿ ಬಿಡಬೇಡಿ, ಅಲ್ಲೇ "ತಪ್ಪು_ಸಾಲುಗಳು" ಅಂತ ಮೊದಲೇ ತುಂಬಿಸಿ ಇಡಿ. ಅದು ಎಲ್ಲ ಕಡೆ ಕಾಣ್ತದೆ.

ಸೆಮಿಕೋಲನ್_ಮರೆತವ

ಓ ಇದು ಒಳ್ಳೇ ಪಾಯಿಂಟ್. ನಾನೂ ಟೈಟಲ್ ಟೈಟಲ್ ಅಂತ ಬಡ್ಕೋತಿದ್ದೆ. ಕೋಡಿ ಗುರು, ನಿಮ್ಮ ಟೂಲಲ್ಲಿ ಫೈಲ್‌ನೇಮ್ ಮೊದಲೇ ತುಂಬಿದ್ದಿದ್ರೆ ಆವತ್ತು ಆ ಓವರ್‌ರೈಟ್ ಪ್ರಶ್ನೆನೇ ಬರ್ತಿರ್ಲಿಲ್ಲ.

ಹೊಸಬಳು_404

ಇದರ ಮಧ್ಯ ಒಂದು ಪ್ರಶ್ನೆ ಕೇಳ್ಬಹುದಾ? ನಾನು ಪೈಥಾನ್ ಕಲೀತಿದೀನಿ, ಅದ್ರಲ್ಲಿ ಕಿಟಕಿ ಮಾಡೋ ಟಿಕಿಂಟರ್ ಲೈಬ್ರರಿ. ಅಲ್ಲಿ ಆಸ್ಕ್‌ಸೇವ್‌ಆ್ಯಸ್‌ಫೈಲ್ ಬಳಸಿದೆ, ಟೈಟಲ್ ಕೊಟ್ಟೆ, ಬಂತು. ಆದ್ರೆ ಹಳೇ ಫೈಲ್ ಆರಿಸಿದ ತಕ್ಷಣ, ನಾನಿನ್ನೂ ಏನೂ ಬರೆಯೋ ಮುಂಚೆನೇ ಅದು ಖಾಲಿ ಆಗ್ಬಿಟ್ಟಿರುತ್ತೆ. ಟೈಟಲ್ ಕೊಟ್ಟಿದ್ದಕ್ಕಾ?

ಸೆಮಿಕೋಲನ್_ಮರೆತವ

ಟೈಟಲ್‌ದು ಏನೂ ತಪ್ಪಿಲ್ಲ 🙂 ಆ ಫಂಕ್ಷನ್ ಫೈಲನ್ನ ಬರೆಯೋ ಮೋಡ್‌ನಲ್ಲಿ ತೆರೆದೇ ನಿಮ್ ಕೈಗೆ ಕೊಡುತ್ತೆ, ತೆರೆದ ಕ್ಷಣ ಹಳೇದು ಅಳಿಸಿಹೋಗುತ್ತೆ. ನಿಮಗೆ ಬೇಕಿರೋದು ಆಸ್ಕ್‌ಸೇವ್‌ಆ್ಯಸ್‌ಫೈಲ್‌ನೇಮ್, ಕೊನೇಲಿ "ನೇಮ್" ಇದೆ ನೋಡಿ, ಅದು ಬರೀ ದಾರಿ ಕೊಡುತ್ತೆ, ಫೈಲ್ ಮುಟ್ಟಲ್ಲ. ಬಳಸೋರು ಕ್ಯಾನ್ಸಲ್ ಮಾಡಿದ್ರೆ ಖಾಲಿ ಬರುತ್ತೆ, ಅದನ್ನ "ಇಫ್ ನಾಟ್" ಅಂತ ಚೆಕ್ ಮಾಡಿ. ಟೈಟಲ್, ಇನಿಷಿಯಲ್‌ಫೈಲ್, ಡೀಫಾಲ್ಟ್‌ಎಕ್ಸ್‌ಟೆನ್ಷನ್, ಪೇರೆಂಟ್ ನಾಲ್ಕೂ ಕೊಡಿ. ಮ್ಯಾಕ್‌ನಲ್ಲಿ ಟಿಕಿಂಟರ್‌ಗೂ ಮೇಲೆ ಹೇಳಿದ ಮೆಸೇಜ್ ಆಪ್ಷನ್ ಇದೆ, ಅದು ಮ್ಯಾಕ್‌ಗೆ ಮಾತ್ರ, ಹಾಗಾಗಿ ಪ್ಲಾಟ್‌ಫಾರ್ಮ್ ನೋಡಿ ಕೊಡಿ.

ನಲ್_ನಾರಾಯಣ

ಜಾವಾದವ್ರ ಗೋಳು ಯಾರೂ ಕೇಳಲ್ಲ ಅಲ್ವಾ. ಜೆಫೈಲ್‌ಚೂಸರ್‌ನಲ್ಲಿ ಸೆಟ್‌ಡೈಲಾಗ್‌ಟೈಟಲ್ ಇದೆ, ಸಲೀಸಾಗಿ ಕೆಲಸ ಮಾಡುತ್ತೆ, ಆ ಕಿಟಕಿ ಪೂರ್ತಿ ಸ್ವಿಂಗೇ (ಜಾವಾದ ಕಿಟಕಿ ಲೈಬ್ರರಿ) ಬರೆಯೋದ್ರಿಂದ ಆಪರೇಟಿಂಗ್ ಸಿಸ್ಟಮ್ ಏನೂ ತಕರಾರು ಮಾಡಲ್ಲ. ಮಜಾ ಇರೋದು ಬಟನ್‌ದು. ಸೆಟ್‌ಅಪ್ರೂವ್‌ಬಟನ್‌ಟೆಕ್ಸ್ಟ್ ಕೊಟ್ಟು ಆಮೇಲೆ ಶೋಸೇವ್‌ಡೈಲಾಗ್ ಕರೆದೆ, ಬಟನ್ ಮೇಲೆ ಅದೇ ಹಳೇ "ಸೇವ್". ಸೋರ್ಸ್ ತೆಗೆದು ನೋಡಿದ್ರೆ, ಡೈಲಾಗ್ ಟೈಪ್ ಓಪನ್‌ನಿಂದ ಸೇವ್‌ಗೆ ಬದಲಾದ ತಕ್ಷಣ ಅದೇ ಬಟನ್ ಟೆಕ್ಸ್ಟನ್ನ ನಲ್ ಮಾಡಿಬಿಡುತ್ತೆ, ಶೋಸೇವ್‌ಡೈಲಾಗ್ ಒಳಗೆ ಆಗೋದೇ ಆ ಬದಲಾವಣೆ. ಹಾಗಾಗಿ ಮೊದಲು ಸೆಟ್‌ಡೈಲಾಗ್‌ಟೈಪ್ ಸೇವ್ ಅಂತ ಮಾಡಿ, ಆಮೇಲೆ ಬಟನ್ ಟೆಕ್ಸ್ಟ್ ಕೊಟ್ಟು, ಕೊನೇಲಿ ಶೋಸೇವ್‌ಡೈಲಾಗ್ ಕರೀರಿ. ಟೈಪ್ ಆಗ್ಲೇ ಸೇವ್ ಇರೋದ್ರಿಂದ ಅದು ಮುಟ್ಟಲ್ಲ. ಟೈಟಲ್‌ಗೆ ಈ ಕಾಟ ಇಲ್ಲ.

ಮತ್ತೆ ಈ ಚೂಸರ್ ಓವರ್‌ರೈಟ್ ಮಾಡ್ಲಾ ಅಂತ ಕೇಳೋದೇ ಇಲ್ಲ, ಎಕ್ಸ್‌ಟೆನ್ಷನ್ನೂ ಸೇರಿಸಲ್ಲ. ಅಪ್ರೂವ್‌ಸೆಲೆಕ್ಷನ್ ಮೆಥಡ್ ಓವರ್‌ರೈಡ್ ಮಾಡಿ ನೀವೇ ಕೇಳ್ಬೇಕು. ಜಾವಾಎಫ್‌ಎಕ್ಸ್‌ನ ಫೈಲ್‌ಚೂಸರ್ ಆದ್ರೆ ಬರೀ ಸೆಟ್‌ಟೈಟಲ್, ಅದು ಸಿಸ್ಟಮ್‌ನ ಡೈಲಾಗನ್ನೇ ತೆಗೆಯುತ್ತೆ, ಹಾಗಾಗಿ ಮ್ಯಾಕ್ ಕಥೆ ಅಲ್ಲೂ ಅದೇ.

ಕಿವಿಯೇ_ಕಣ್ಣು

ಇಷ್ಟೊತ್ತು ಓದ್ತಾ ಇದ್ದೆ, ಅಂದ್ರೆ ಕೇಳ್ತಾ ಇದ್ದೆ. ನಾನು ಸ್ಕ್ರೀನ್ ರೀಡರ್ ಬಳಸ್ತೀನಿ, ಎನ್‌ವಿಡಿಎ. ನೀವೆಲ್ಲಾ ಟೈಟಲ್ ಅಂದ್ರೆ ಮೇಲಿನ ಸಣ್ಣ ಪಟ್ಟಿ, ಕಣ್ಣಿಗೆ ಬಿದ್ರೆ ಬಿತ್ತು ಇಲ್ದಿದ್ರೆ ಇಲ್ಲ ಅನ್ನೋ ಥರ ಮಾತಾಡ್ತಿದೀರಿ. ನಮಗೆ ಹಾಗಲ್ಲ. ಡೈಲಾಗ್ ಬಂದ ಕ್ಷಣ ಕಿವಿಗೆ ಮೊದಲು ಬೀಳೋದೇ ಟೈಟಲ್, "ಸೇವ್ ಆ್ಯಸ್, ಡೈಲಾಗ್", ಆಮೇಲೆ "ಫೈಲ್ ನೇಮ್, ಎಡಿಟ್". ಹಿಂದೆ ಯಾವ ಬಟನ್ ಒತ್ತಿದ್ದೆ, ಹಿಂದಿನ ಕಿಟಕೀಲಿ ಏನಿತ್ತು ಅಂತ ನಿಮ್ಮ ಹಾಗೆ ಒಂದೇ ನೋಟಕ್ಕೆ ನೋಡೋಕೆ ನಮಗೆ ಆಗಲ್ಲ, ಮರೆತ್ರೆ ಎನ್‌ವಿಡಿಎ ಕೀ ಜೊತೆ ಟಿ ಒತ್ತಿ ಟೈಟಲ್ ಮತ್ತೆ ಓದಿಸ್ಕೋತೀವಿ. ಅಲ್ಲೂ ಬರೀ "ಸೇವ್ ಆ್ಯಸ್" ಅಂದ್ರೆ ಏನು ಅಂತ ತಿಳ್ಕೊಳ್ಳೋದು?

ಕೋಡಿಯವರ ಟೂಲಲ್ಲಿ ಆದ ಹಾಗೆ ಒಂದರ ಹಿಂದೆ ಒಂದು ಎರಡು ಡೈಲಾಗ್ ಬಂದ್ರೆ ನನಗೂ ಅದೇ ಅನ್ನಿಸ್ತಿತ್ತು, ಮೊದಲನೇದು ಮುಚ್ಚಲೇ ಇಲ್ವೇನೋ ಅಂತ. ಅವ್ರು ಕಣ್ಣಿದ್ದೂ ಮೋಸ ಹೋದ್ರು ಅಂದ್ರೆ ನಮ್ಮ ಪಾಡು ಯೋಚಿಸಿ.

ಆದ್ರೆ ಕನ್ನಡದಲ್ಲಿ ಟೈಟಲ್ ಬರೆದ್ರೆ ನಮಗೊಂದು ಲಾಭ ಇದೆ. ಇಂಗ್ಲಿಷ್‌ನಲ್ಲಿ ಎಲ್ಲಾ ಟೈಟಲ್ಲೂ "ಸೇವ್" ಅಂತಲೇ ಶುರು, ಏನನ್ನ ಅನ್ನೋದು ಕೊನೇಲಿ, ಅಲ್ಲಿವರೆಗೂ ಕಾಯ್ಬೇಕು. ನಮ್ಮ ಭಾಷೇಲಿ ಕ್ರಿಯಾಪದ ಕೊನೇಗೆ. "ತಪ್ಪಾದ ಸಾಲುಗಳನ್ನು ಉಳಿಸಿ" ಅಂದ್ರೆ ಮೊದಲ ಪದಕ್ಕೇ ನಂಗೆ ಗೊತ್ತಾಯ್ತು, ಉಳಿದಿದ್ದು ಕೇಳ್ದೆ ಮುಂದೆ ಹೋಗ್ತೀನಿ. ಅದೇ ಯಾರಾದ್ರೂ ಆ್ಯಪ್ ಹೆಸರು, ವರ್ಷನ್ ನಂಬರ್ ಎಲ್ಲಾ ಮೊದಲು ತುಂಬಿ ಕೊನೇಲಿ ವಿಷಯ ಇಟ್ರೆ ಕೋಪ ಬರುತ್ತೆ. ದಯವಿಟ್ಟು ಆ್ಯಪ್ ಹೆಸರು ಹಾಕಬೇಡಿ, ಯಾವ ಆ್ಯಪ್‌ನಲ್ಲಿದೀನಿ ಅಂತ ನಂಗೆ ಗೊತ್ತು.

ಅರ್ಧಂಬರ್ಧ_ಕೋಡಿ

ಸರ್ ನಿಜ ಹೇಳ್ಬೇಕಂದ್ರೆ ನಾನು ಆ್ಯಪ್ ಹೆಸರು ಮುಂದೆ ಹಾಕೇ ಬಿಟ್ಟಿದ್ದೆ. ಈಗ್ಲೇ ತೆಗೀತೀನಿ.

ಟೈಟಲ್ ಬರೆಯೋಕೆ ಒಂದು ಫಂಕ್ಷನ್ ಮಾಡಿದೀನಿ, ಹೆಸರು ಕೊಟ್ರೆ ಹಿಂದೆ "ಅನ್ನು ಉಳಿಸಿ" ಅಂಟಿಸುತ್ತೆ. ಎಲ್ಲಾ ಕಡೆ ಅದನ್ನೇ ಬಳಸಿದ್ರೆ ಒಂದೇ ಥರ ಇರುತ್ತೆ ಅಲ್ವಾ.

ಕಡಲತೀರದ_ಬಗ್

ಅಯ್ಯೋ ಬೇಡ ಮಾರಾಯ್ರೆ! "ವರದಿಅನ್ನು ಉಳಿಸಿ", "ಲೆಕ್ಕಅನ್ನು ಉಳಿಸಿ" ಅಂತ ಬರ್ತದೆ. ವರದಿಗೆ ವರದಿಯನ್ನು, ಲೆಕ್ಕಕ್ಕೆ ಲೆಕ್ಕವನ್ನು, ಸಾಲುಗಳಿಗೆ ಸಾಲುಗಳನ್ನು. ಯಕಾರ ಯಾವಾಗ ವಕಾರ ಯಾವಾಗ ಅಂತ ಕೋಡ್ ಬರೆಯಲಿಕ್ಕೆ ಕೂತ್ರೆ ಟೂಲ್ ಬಿಟ್ಟು ವ್ಯಾಕರಣ ಪುಸ್ತಕ ಬರೆಯಬೇಕಾದೀತು. ಇಡೀ ವಾಕ್ಯವನ್ನೇ ಒಂದೊಂದಾಗಿ ರಿಸೋರ್ಸ್ ಫೈಲಲ್ಲಿ ಬರೆದಿಡಿ. ನಿಮ್ಮಲ್ಲಿ ಇರುವುದೇ ಮೂರು ಡೈಲಾಗ್.

ನಲ್_ನಾರಾಯಣ

ವಿಭಕ್ತಿ ಪ್ರತ್ಯಯದಿಂದ ಬಗ್ ಬಂದಿದ್ದು ಇದೇ ಮೊದಲು ಕೇಳಿದ್ದು 😂 ಅಂದಹಾಗೆ ಟೈಟಲ್ ಮಾತ್ರ ಕನ್ನಡ ಮಾಡಿ ಕೆಳಗೆ ಬಟನ್ "ಸೇವ್", "ಕ್ಯಾನ್ಸಲ್" ಅಂತ ಇಂಗ್ಲಿಷ್‌ನಲ್ಲೇ ಇರುತ್ತಲ್ಲ, ವಿಂಡೋಸ್ ಯಾವ ಭಾಷೇಲಿದೆಯೋ ಬಟನ್ ಅದೇ ಭಾಷೇಲಿ. ಅರ್ಧ ಅದು ಅರ್ಧ ಇದು, ನೋಡೋಕೆ ಒಂಥರಾ. ನಾನಾಗಿದ್ರೆ ಬಳಸೋರು ನೋಡಿ ಅಭ್ಯಾಸ ಇರೋ "ತಪ್ಪಾದ ಸಾಲುಗಳು – ಸೇವ್ ಮಾಡಿ" ಅಂತಲೇ ಹಾಕ್ತಿದ್ದೆ, ಬಟನ್ನಿಗೂ ಹೊಂದುತ್ತೆ, ಪ್ರತ್ಯಯದ ಕಾಟವೂ ತಪ್ಪುತ್ತೆ.

ಕಿವಿಯೇ_ಕಣ್ಣು

ನಾರಾಯಣ ಅವ್ರ ಮಾತಿಗೆ ನನ್ನ ವೋಟು. ಟೈಟಲ್‌ನಲ್ಲಿ ಉಳಿಸಿ, ಬಟನ್‌ನಲ್ಲಿ ಸೇವ್ ಅಂತ ಕೇಳಿದ್ರೆ ಎರಡು ಬೇರೆ ಬೇರೆ ಕೆಲಸವೇನೋ ಅನ್ಸುತ್ತೆ.

ಲೆಡ್ಜರ್_ರಾಣಿ

ನಂದು ಎಕ್ಸೆಲ್ ವಿಬಿಎ (ಎಕ್ಸೆಲ್ ಒಳಗಿನ ಮ್ಯಾಕ್ರೋ ಭಾಷೆ), ನಗಬೇಡಿ. ಆ್ಯಪ್ಲಿಕೇಷನ್.ಗೆಟ್‌ಸೇವ್‌ಆ್ಯಸ್‌ಫೈಲ್‌ನೇಮ್, ಅದರ ನಾಲ್ಕನೇ ಆರ್ಗ್ಯುಮೆಂಟ್ ಟೈಟಲ್. ಕಾಮಾ ಎಣಿಸೋದು ಬೇಡ ಅಂತ ಟೈಟಲ್:= ಅಂತ ಹೆಸರು ಹಿಡಿದೇ ಕೊಡ್ತೀನಿ. ಇದು ಹೆಸರಿಗೆ ಸೇವ್ ಅಷ್ಟೇ, ಏನೂ ಸೇವ್ ಮಾಡಲ್ಲ, ದಾರಿ ಮಾತ್ರ ವಾಪಸ್ ಕೊಡುತ್ತೆ, ಸೇವ್ ನಾವು ಮಾಡ್ಬೇಕು. ಕ್ಯಾನ್ಸಲ್ ಒತ್ತಿದ್ರೆ ಫಾಲ್ಸ್ ಅನ್ನೋ ಬೂಲಿಯನ್ ಬರುತ್ತೆ. ನಾನದನ್ನ ಸ್ಟ್ರಿಂಗ್ ವೇರಿಯಬಲ್‌ಗೆ ಹಾಕೊಂಡಿದ್ದೆ. ಒಂದಿನ ಫೋಲ್ಡರ್ ತೆಗೆದು ನೋಡಿದ್ರೆ "ಫಾಲ್ಸ್" ಅಂತ ಒಂದು ಎಕ್ಸೆಲ್ ಫೈಲ್, ಯಾರು ಮಾಡಿದ್ದು ಅಂತ ಎಲ್ರನ್ನೂ ಕೇಳ್ಕೊಂಡು ಬಂದೆ. ಮಾಡಿದ್ದು ನಾನೇ. ವೇರಿಯಂಟ್‌ಗೆ (ಯಾವ ಥರದ ಬೆಲೆನೂ ಹಿಡಿಯೋ ವೇರಿಯಬಲ್) ತಗೊಂಡು ಫಾಲ್ಸಾ ಅಂತ ನೋಡಿ ಆಮೇಲೆ ಮುಂದೆ ಹೋಗಿ.

ಪೋರ್ಟಲ್_ಪಯಣಿಗ

ಲಿನಕ್ಸ್ ಬಗ್ಗೆ ಎರಡೇ ಮಾತು. ಜಿಟಿಕೆಯಲ್ಲಿ (ಲಿನಕ್ಸ್‌ನಲ್ಲಿ ಕಿಟಕಿ ಮಾಡೋ ಲೈಬ್ರರಿ) ಫೈಲ್‌ಚೂಸರ್‌ಡೈಲಾಗ್ ಮಾಡೋವಾಗ ಮೊದಲ ಆರ್ಗ್ಯುಮೆಂಟೇ ಟೈಟಲ್, ಜಿಟಿಕೆ 4.10ರಿಂದ ಜಿಟಿಕೆಫೈಲ್‌ಡೈಲಾಗ್, ಅದಕ್ಕೆ ಸೆಟ್_ಟೈಟಲ್, ಸೆಟ್_ಆ್ಯಕ್ಸೆಪ್ಟ್_ಲೇಬಲ್. ಫ್ಲ್ಯಾಟ್‌ಪ್ಯಾಕ್ ಆ್ಯಪ್ (ಸಿಸ್ಟಮ್‌ನಿಂದ ಬೇರೆಯಾಗಿ ಬೇಲಿಯೊಳಗೆ ಓಡೋ ಆ್ಯಪ್) ಆದ್ರೆ ಕಿಟಕಿ ಬರೆಯೋದು ನಿಮ್ಮ ಆ್ಯಪ್ಪೇ ಅಲ್ಲ, ಪೋರ್ಟಲ್ ಅನ್ನೋ ಡೆಸ್ಕ್‌ಟಾಪ್‌ನ ಸೇವೆ. ನೀವು ಡಿಬಸ್ (ಪ್ರೋಗ್ರಾಂಗಳು ಒಂದಕ್ಕೊಂದು ಸಂದೇಶ ಕಳಿಸೋ ದಾರಿ) ಮೂಲಕ ಟೈಟಲ್ ಕಳಿಸ್ತೀರಿ, ಅದನ್ನ ಎಲ್ಲಿ ತೋರಿಸ್ಬೇಕು ಅನ್ನೋದು ಡೆಸ್ಕ್‌ಟಾಪ್‌ನವ್ರ ಇಷ್ಟ. ಎಲೆಕ್ಟ್ರಾನ್‌ನವ್ರ ಡಾಕ್ಯುಮೆಂಟ್‌ನಲ್ಲೂ ಕೆಲವು ಲಿನಕ್ಸ್ ಡೆಸ್ಕ್‌ಟಾಪ್‌ಗಳಲ್ಲಿ ಟೈಟಲ್ ಕಾಣದೇ ಇರಬಹುದು ಅಂತ ಬರೆದಿದಾರೆ.

ಬ್ರೌಸರ್‌ನಲ್ಲಂತೂ ಆಸೆ ಬಿಡಿ. 2020ರಲ್ಲಿ ಕ್ರೋಮ್ 86ರಲ್ಲಿ ಬಂದ ಶೋಸೇವ್‌ಫೈಲ್‌ಪಿಕರ್‌ಗೆ ಸಜೆಸ್ಟೆಡ್‌ನೇಮ್ ಇದೆ, ಟೈಟಲ್ ಕೊಡೋ ಆಪ್ಷನ್ನೇ ಇಲ್ಲ. ನಂಗದು ಸರಿ ಅನ್ಸುತ್ತೆ, ಕಂಡ ಕಂಡ ವೆಬ್‌ಸೈಟ್ ನಮ್ಮ ಸಿಸ್ಟಮ್ ಕಿಟಕಿ ಮೇಲೆ ಬಾಯಿಗೆ ಬಂದಿದ್ದು ಬರೆಯೋ ಹಾಗಾದ್ರೆ ಕಷ್ಟ.

ಹಳೇ_ಮಾನಿಟರ್

ಎಲ್ಲಾ ಖರೆ, ಆದ್ರ ನನ್ನ ಅನುಮಾನ ಬ್ಯಾರೆ ಐತಿ. ಎರಡು ಡೈಲಾಗ್ ಯಾಕ ಬೇಕು? ಒಂದು ಫೋಲ್ಡರ್ ಕೇಳು, ಎರಡೂ ಫೈಲ್ ಅದರಾಗ ನೀನ ಹೆಸರಿಟ್ಟು ಬರಿ. ಒಂದ ಪ್ರಶ್ನೆ, ಒಂದ ಉತ್ತರ.

ಅರ್ಧಂಬರ್ಧ_ಕೋಡಿ

ಸರ್ ನಾನೂ ಮೊದಲು ಹಾಗೇ ಮಾಡಿದ್ದೆ. ತಪ್ಪು ಸಾಲುಗಳು ಇನ್ನೊಬ್ರಿಗೆ ಹೋಗ್ಬೇಕು, ಅವ್ರು ನೋಡೋದು ಬೇರೆ ಶೇರ್ಡ್ ಫೋಲ್ಡರ್. ಕೈಯಾರೆ ಎತ್ತಿ ಹಾಕೋದು ಮರೀತಿದ್ರು, ಅದಕ್ಕೇ ಎರಡು ಮಾಡಿದ್ದು.

ಹಳೇ_ಮಾನಿಟರ್

ಹಂಗಾದ್ರ ಸರಿ. ಆದ್ರ ಎರಡನೇದು ಒಮ್ಮೇಲೆ ಮುಖಕ್ಕ ಬಂದು ನಿಲ್ಲೂದು ಬ್ಯಾಡ. ನಿಮ್ಮಾಂವ ಮೋಸ ಹೋಗಿದ್ದು ಅಲ್ಲೇ. ಮೊದಲನೇದು ಬರದು ಮುಗದ ಮ್ಯಾಲ ಫಾರ್ಮ್ ಮ್ಯಾಲ "ಸರಿ ಸಾಲುಗಳು ಸೇವ್ ಆದ್ವು" ಅಂತ ತೋರಿಸಿ, ಎರಡನೇದಕ್ಕ ಬ್ಯಾರೆ ಬಟನ್ ಇಡು.

ಅರ್ಧಂಬರ್ಧ_ಕೋಡಿ

ಮಾಡಿದೆ, ಅಪ್‌ಡೇಟ್ ಕೊಡ್ತೀನಿ. ಡಿಸೈನರ್‌ನ ಡೈಲಾಗ್ ಕಿತ್ತಾಕಿ ಒಂದು ಸಣ್ಣ ಫಂಕ್ಷನ್ ಬರೆದೆ, ಅದಕ್ಕೆ ಟೈಟಲ್, ಫೈಲ್ ಹೆಸರು, ಗೈಡ್ ಮೂರೂ ಕೊಡ್ಲೇಬೇಕು, ಯಾವುದೂ ಖಾಲಿ ಬಿಡೋಕೆ ಆಗಲ್ಲ:

ಯೂಸಿಂಗ್ ಡೈಲಾಗ್ = ಹೊಸ ಸೇವ್‌ಫೈಲ್‌ಡೈಲಾಗ್()
ಡೈಲಾಗ್.ಟೈಟಲ್ = "ತಪ್ಪಾದ ಸಾಲುಗಳು – ಸೇವ್ ಮಾಡಿ"
ಡೈಲಾಗ್.ಫೈಲ್‌ನೇಮ್ = "ತಪ್ಪು_ಸಾಲುಗಳು"
ಡೈಲಾಗ್.ಡೀಫಾಲ್ಟ್‌ಎಕ್ಸ್‌ಟಿ = "ಸಿಎಸ್‌ವಿ"
ಡೈಲಾಗ್.ಕ್ಲೈಂಟ್‌ಗೈಡ್ = ತಪ್ಪುಸಾಲುಗಳ ಗೈಡ್
ಡೈಲಾಗ್.ಶೋಡೈಲಾಗ್(ದಿಸ್)

ಎರಡು ಬಟನ್ ಮಾಡಿದೆ. ಜೊತೆಗೆ ಎರಡನೇ ಸಲ ಆರಿಸಿದ ದಾರಿ ಮೊದಲನೇದರ ದಾರೀನೇ ಆಗಿದ್ರೆ ಬರೆಯೋದೇ ಇಲ್ಲ, "ಇದು ಈಗಷ್ಟೇ ಸೇವ್ ಮಾಡಿದ ಸರಿ ಸಾಲುಗಳ ಫೈಲ್" ಅಂತ ಹೇಳಿ ಮತ್ತೆ ಡೈಲಾಗ್ ತೆಗೆಯುತ್ತೆ. ಓವರ್‌ರೈಟ್ ಪ್ರಶ್ನೆಗೆ ಎಲ್ರೂ ಓದ್ದೇ ಯೆಸ್ ಒತ್ತೋದು ನಂಗೀಗ ಗೊತ್ತಾಯ್ತಲ್ಲ. ನಿನ್ನೆ ಫೈಲ್ ಕಳ್ಕೊಂಡಿದ್ದವ್ರ ಹತ್ರಾನೇ ಓಡಿಸಿ ನೋಡ್ದೆ, ಎರಡೂ ಸರಿಯಾಗಿ ಸೇವ್ ಮಾಡಿದ್ರು. "ಟೈಟಲ್ ನೋಡಿದ್ರಾ" ಅಂತ ಕೇಳ್ದೆ, "ಯಾವ ಟೈಟಲ್?" ಅಂದ್ರು.

ಟೆಸ್ಟಿಂಗ್_ಅಕ್ಕ

😂😂 ಅವ್ರು ಫೈಲ್ ಹೆಸರು ನೋಡಿರ್ತಾರೆ ಬಿಡಪ್ಪ. ಅದೇ ದಾರಿ ಆರಿಸಿದ್ರೆ ಅಂತ ಚೆಕ್ ಹಾಕಿದೀಯಲ್ಲ, ಅಲ್ಲಿ ದೊಡ್ಡಕ್ಷರ ಸಣ್ಣಕ್ಷರ ಬೇರೆ ಮಾಡಿ ಟೈಪ್ ಮಾಡಿ ನೋಡಿದ್ಯಾ? ವಿಂಡೋಸ್‌ಗೆ ಎರಡೂ ಒಂದೇ ಫೈಲು, ನಿನ್ನ ಹೋಲಿಕೆಗೆ ಬೇರೆ ಬೇರೆ ಆಗ್ಬಹುದು.

ಅರ್ಧಂಬರ್ಧ_ಕೋಡಿ

...ನೋಡಿಲ್ಲ ಅಕ್ಕಾ. ಈಗ ನೋಡ್ತೀನಿ.